ತಣ್ಣಗಿನ ಬ್ರೇಕು

ರೇಸ್ ಟ್ರ್ಯಾಕಿನಲ್ಲಿ ಓಡಿಸಿದರೆ ಬ್ರೇಕು ಕಾದು ಕೈಕೊಡುತ್ತದೆ ಎಂದು ಎಲ್ಲೋ ಓದಿದ ರಾಯರು, ತಮ್ಮ ಹೊಸ ಸ್ಪೋರ್ಟ್ಸ್ ಕಾರಿನ ಬಂಪರಿಗೆ ತೂತು ಕೊರೆಸಿ, ಬ್ರೇಕಿಗೆ ಗಾಳಿ ಒಯ್ಯುವ ದಪ್ಪ ಪೈಪು ಹಾಕಿಸಲು ಹೊರಟರು.

"ಅಡುಗೆಮನೆ ಚಿಮಣಿಗೆ ಪೈಪ್ ಹಾಕ್ಸಿ ಅಂತ ವರ್ಷದಿಂದ ಬಡ್ಕೋತಿದೀನಿ," ಎಂದರು ಹೆಂಡತಿ. "ಒಗ್ಗರಣೆ ಹಾಕಿದ್ರೆ ಮನೆಯೆಲ್ಲ ಘಾಟು."

"ನೀನು ಎರಡು ಸಲ ಕೆಮ್ಮಿದ್ರೆ ಏನಾಗುತ್ತೆ? ಅಲ್ಲಿ ಬ್ರೇಕ್ ಹಿಡೀದೆ ಹೋದ್ರೆ ನನ್ ಪ್ರಾಣಾನೇ ಹೋಗುತ್ತೆ ಕಣೇ."

ಹೆಂಡತಿ ಚಿಮಣಿಯನ್ನೊಮ್ಮೆ, ಗಂಡನನ್ನೊಮ್ಮೆ ತೂಗಿ ನೋಡಿದರು. ಕೊನೆಗೆ, "ಆಯ್ತು, ಹಾಕ್ಸಿ," ಎಂದರು.

ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಹೋದರೆ, ಟ್ರ್ಯಾಕಿನ ತುಂಬ ಕಾರುಗಳು. ಮುಂದಿನವರು ದಾರಿ ಬಿಡದೆ ಹಿಂದಿನವರು ದಾಟುವಂತಿಲ್ಲ ಎಂಬುದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದ ರಾಯರು ದಾರಿ ಬಿಡುವ ಜಾಯಮಾನದವರೇ ಅಲ್ಲ.

ಸುತ್ತು ಮುಗಿಸಿ ಇಳಿದವರೇ ಚಕ್ರದೊಳಗೆ ಕೈ ತೂರಿಸಿ ಬ್ರೇಕನ್ನು ಮುಟ್ಟಿ ನೋಡಿದರು.

"ಬಾರೇ ಇಲ್ಲಿ, ಫ್ರಿಜ್ಜಲ್ಲಿ ಇಟ್ಟಂಗಿದೆ! ಒಬ್ಬನಾದ್ರೂ ನನ್ನ ದಾಟಿದ್ನಾ?"

ಅವರ ಹಿಂದೆ ಬಂದು ನಿಂತ ಕಾರುಗಳ ಚಕ್ರಗಳಿಂದ ಹೊಗೆ ಏಳುತ್ತಿತ್ತು. ಸುತ್ತಲೂ ಸುಟ್ಟ ವಾಸನೆ.

"ಪಾಪ, ಪೈಪ್ ಹಾಕ್ಸಿಲ್ಲ ಅನ್ಸುತ್ತೆ," ಎಂದು ರಾಯರು ಲೊಚಗುಟ್ಟಿದರು.

ಹೆಂಡತಿ ಆ ಕಾರುಗಳವರನ್ನು ಮಾತಾಡಿಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ವಾಪಸ್ ಬಂದರು.

"ಎಲ್ರೂ ಹಾಕ್ಸಿದಾರಂತೆ ರೀ. ನಿಮ್ಗೆ ಗುದ್ದಬಾರ್ದು ಅಂತ ಬ್ರೇಕ್ ಒತ್ತೀ ಒತ್ತೀ ಕಾದಿದ್ದಂತೆ."