ಗೋದಾಮಿನ ಕೂಗು

ಮೊಣಕೈಯೊಂದು ಬಂದು ಕೂಗಣ್ಣನ ಮೂಗಿಗೆ ಅಪ್ಪಳಿಸಿತು. ಬಿಸಿ ರಕ್ತ ತುಟಿಗೆ ಇಳಿಯಿತು. ಹೊಡೆದ ಗಡ್ಡದ ಹುಡುಗ "ಸಾರಿ ಅಣ್ಣಾ!" ಎಂದು ಕಿರುಚಿ, ಇನ್ನೊಬ್ಬನ ಎದೆಗೆ ಹೆಗಲು ಕೊಟ್ಟು ನುಗ್ಗಿದ. ಕೂಗಣ್ಣ ರಕ್ತ ನೆಕ್ಕಿಕೊಂಡು ನಕ್ಕ. 'ತುಕ್ಕು' ರಾಕ್ ತಂಡದ ಕಾರ್ಯಕ್ರಮವೆಂದರೆ ಹೀಗೇ. ನಾಲ್ಕು ಗುದ್ದು ತಿನ್ನದೆ ಮನೆಗೆ ಹೋದವನು ಹಾಡು ಕೇಳಿದ ಲೆಕ್ಕಕ್ಕಿಲ್ಲ.

ಮಧ್ಯಾಹ್ನ ನಾಲ್ಕು ಗಂಟೆ. ಹಳೆಯ ಗೋದಾಮಿನ ತಗಡಿನ ಮಾಡು ಕಾದು ಕೆಂಡವಾಗಿತ್ತು. ಕೆಳಗೆ ಮುನ್ನೂರು ಜನ, ಬೆವರಿನಲ್ಲಿ ಅದ್ದಿ ತೆಗೆದ ಹಾಗೆ. ವೇದಿಕೆಯ ಮೇಲೆ ನಾಲ್ವರು. ಯಾವ ದೊಡ್ಡ ಕಂಪನಿಯ ಬೆಂಬಲವೂ ಇಲ್ಲದೆ, ಅಭಿಮಾನಿಗಳ ಬಾಯಿಂದ ಬಾಯಿಗೆ ಹೋಗಿಯೇ ಹೆಸರಾದವರು. ಅವರ ಆಲ್ಬಮ್‌ಗಳು ಮೂರೇ. ಮೊದಲನೆಯದನ್ನು ಹುಡುಗರು ಮುದ್ದಿನಿಂದ ಕೇಳುತ್ತಾರೆ. ಮೂರನೆಯದರ ಬಗ್ಗೆ ಜಗಳವಾಡುತ್ತಾರೆ. ಎರಡನೆಯದು ಶುರುವಾದರೆ ಮಾತ್ರ ಎದ್ದು ನಿಲ್ಲುತ್ತಾರೆ.

ಅದನ್ನು ಎಂಟು ವರ್ಷದ ಹಿಂದೆ ಇದೇ ಗೋದಾಮಿನಲ್ಲಿ, ಜನರ ನಡುವೆಯೇ ಧ್ವನಿಮುದ್ರಿಸಿದ್ದು. ಕೊನೆಯ ಹಾಡಿನಲ್ಲಿ ಡ್ರಮ್ಮು ಥಟ್ಟನೆ ನಿಲ್ಲುತ್ತದೆ. ಆ ಮೌನವನ್ನು ಸೀಳಿಕೊಂಡು ಜನರ ಮಧ್ಯದಿಂದ ಒಬ್ಬ ಗಂಡಸು ಕೂಗುತ್ತಾನೆ. ಮಾತಿಲ್ಲ, ಬರೀ ಕೂಗು. ಕೇಳಿದವರ ಮೈ ಜುಮ್ಮೆನ್ನುತ್ತದೆ. ಆ ದಿನ ಪೊಲೀಸರು ಬಂದು ಗೋದಾಮು ಖಾಲಿ ಮಾಡಿಸಿದರಂತೆ ಎಂಬುದೂ ಆ ಆಲ್ಬಮ್‌ಗೆ ಒಂದು ಹೆಗ್ಗಳಿಕೆಯಾಗಿತ್ತು.

ಆ ಕೂಗಿನಿಂದಲೇ ಕೂಗಣ್ಣನಿಗೆ ಈ ಹೆಸರು ಬಂದದ್ದು. ಟೈರ್ ಅಂಗಡಿಯಲ್ಲಿ ಅವನು ಬರೀ "ಏಯ್, ಗಾಳಿ ಹಾಕೋ". ಇಲ್ಲಿ ಕೂಗಣ್ಣ. ಇಲ್ಲಿ ಜನ ಅವನಿಗೆ ದಾರಿ ಬಿಡುತ್ತಿದ್ದರು.

ಡ್ರಮ್ಮು ನಿಂತಿತು. ಹಾಡುಗಾರ ಅವನತ್ತ ಬೆರಳು ತೋರಿಸಿದ. ಕೂಗಣ್ಣ ಕತ್ತಿನ ನರ ಉಬ್ಬಿಸಿ ಕೂಗಿದ. ಆಲ್ಬಮ್ಮಿನಲ್ಲಿದ್ದ ಹಾಗೇ, ಅದೇ ಏರು, ಅದೇ ಇಳಿತ, ಒಂದು ಎಳೆ ಆಚೀಚೆ ಇಲ್ಲ. ಮುನ್ನೂರು ಮೈಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಯಾರದೋ ಹಲ್ಲು ಉದುರಿತು. ಯಾರೋ ಅದನ್ನು ಎತ್ತಿ ಹಿಡಿದು ಕುಣಿದರು.

ಕಾರ್ಯಕ್ರಮ ಮುಗಿದ ಮೇಲೆ ಅವನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಅವನ ಮೂಗಿಗೆ ಹತ್ತಿ ತುರುಕುತ್ತಿದ್ದಳು. ಗಡ್ಡದವನು ಅಪರಾಧಿಯಂತೆ ನೀರಿನ ಬಾಟಲಿ ಹಿಡಿದು ನಿಂತಿದ್ದ.

ಒಬ್ಬ ಹೆಂಗಸು ಬಂದಳು. ಐವತ್ತು ದಾಟಿದ ವಯಸ್ಸು, ಹೆಗಲಲ್ಲಿ ಬಟ್ಟೆಯ ಚೀಲ, ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಲೆ. ಬಟ್ಟೆ ಹೊಲಿಯುವವಳು.

"ಕೂಗಿದ್ದು ನೀನೇನಪ್ಪಾ?"

"ಹೌದಮ್ಮಾ."

"ಈಗಿಂದಲ್ಲ. ಆಲ್ಬಮ್ಮಲ್ಲಿರೋದು."

ಗಡ್ಡದವನಿಗೆ ತಡೆಯಲಾಗಲಿಲ್ಲ. "ಅಮ್ಮಾ, ಒಳ್ಳೇ ಕೇಳಿದ್ರಿ! ಸೂರ್ಯನ್ನ ನಿಲ್ಸಿ, ಈ ಬಿಸ್ಲು ನಿಂದೇನಾ ಅಂದಂಗಾಯ್ತು."

ಅವಳೂ ನಕ್ಕಳು. "ಎಂಟು ವರ್ಷದಿಂದ ದಿನಾ ಕೇಳ್ತೀನಪ್ಪಾ. ಮಿಷನ್ ತುಳಿಯೋವಾಗ, ಪಾತ್ರೆ ತೊಳೆಯೋವಾಗ. ನನ್ನಷ್ಟು ಯಾರೂ ಕೇಳಿರಲ್ಲ."

ಕೂಗಣ್ಣ ಉಬ್ಬಿಹೋದ. ಇಂಥ ಅಭಿಮಾನಿ ಸಿಕ್ಕಿರಲಿಲ್ಲ. "ಮಗ ಕೇಳಿಸಿದ್ನಾ ಅಮ್ಮಾ?"

"ಹೂಂ. ಅವನಿಂದಲೇ. ನೀನು ಎಲ್ಲಿ ನಿಂತಿದ್ದೆ ಆವತ್ತು?"

"ಎಡಗಡೆ ಕಂಬದ ಹತ್ರ. ಅದಕ್ಕೇ ನೋಡಿ, ಆಲ್ಬಮ್ಮಲ್ಲೂ ಕೂಗು ಎಡಗಡೆಯಿಂದಲೇ ಕೇಳ್ಸೋದು."

"ಪಕ್ಕದಲ್ಲಿ?"

"ಯಾವನೋ ಹುಡುಗ. ಮೊಬೈಲು ತಂದು ನನ್ನ ಮುಖಕ್ಕೇ ಹಿಡಿದಿದ್ದ."

"ಏನ್ಮಾಡ್ದೆ ಅವನಿಗೆ?"

"ಏನ್ಮಾಡೋದು, ಕೊಟ್ಟೆ ಒಂದು!" ಕೂಗಣ್ಣ ಗಹಗಹಿಸಿದ. ಹುಡುಗಿಯೂ ನಕ್ಕಳು. ಈ ಕಥೆಯನ್ನು ಅವಳು ಹತ್ತಾರು ಸಲ ಕೇಳಿದ್ದಳು. ಹುಡುಗನ ವಿಷಯ ಮಾತ್ರ ಹೊಸದು.

ಹೆಂಗಸು ಚೀಲದಿಂದ ಗಾಜು ಒಡೆದ ಹಳೆಯ ಮೊಬೈಲು ತೆಗೆದು ಒತ್ತಿದಳು. ಚಿತ್ರ ಕತ್ತಲು, ಧ್ವನಿ ಮಾತ್ರ. ಹಿಂದೆ ಡ್ರಮ್ಮು. ಮುಂದೆ, ತೀರಾ ಹತ್ತಿರದಲ್ಲಿ, ಎಳೆಯ ಗಂಟಲೊಂದು: "ಬಿಡಣ್ಣಾ... ಕಾಲು ತುಳಿದಿದ್ದಕ್ಕೆ ಸಾರಿ ಅಂದ್ನಲ್ಲಾ... ಅಣ್ಣಾ, ಚಾಕು ಬೇಡಣ್ಣಾ—"

ಡ್ರಮ್ಮು ನಿಂತಿತು. ಕೂಗು ಬಂತು. ಅದೇ ಏರು, ಅದೇ ಇಳಿತ. ಅದರ ಅಡಿಯಲ್ಲಿ, ಆ ಎಳೆಯ ಗಂಟಲಿನಿಂದ, ಆಲ್ಬಮ್ಮಿನಲ್ಲಿ ಯಾರಿಗೂ ಕೇಳಿಸದ ಒಂದು ಪದ. "ಅಮ್ಮಾ."

ಮೊಬೈಲು ಸುಮ್ಮನಾಯಿತು.

"ನನ್ನ ಮಗನ ಕೊನೇ ಮಾತು. ಪೊಲೀಸ್ರಿಗೂ ಕೇಳಿಸ್ದೆ," ಎಂದಳು ಅವಳು, ಮಗುವಿಗೆ ತಿಳಿಹೇಳುವ ದನಿಯಲ್ಲಿ. "ದನಿಗೆ ಮುಖ ಇರಲ್ಲಮ್ಮಾ ಅಂದ್ರು."

ಕೂಗಣ್ಣ ಮೂಗಿನ ಹತ್ತಿ ಕಿತ್ತು ಹಾಕಿದ. "ಅಮ್ಮಾ... ಅದು ನಾನಲ್ಲ."

ಯಾರೂ ನಗಲಿಲ್ಲ. ಔಷಧಿ ಅಂಗಡಿಯ ಹುಡುಗಿ ಒಂದು ಮೆಟ್ಟಿಲು ಕೆಳಗಿಳಿದಳು, ಆಮೇಲೆ ಇನ್ನೊಂದು. "ಅಣ್ಣಾ," ಎಂದಳು ಪಿಸುದನಿಯಲ್ಲಿ, "ನೀವೇ ಅಂತ ನೀವೇ ಹೇಳಿದ್ದಲ್ವಾ?"

"ಸುಳ್ಳು ಕಣೇ! ಸುಮ್ನೆ... ಸುಮ್ನೆ ಹೇಳ್ಕೊಂಡಿದ್ದು! ಕೇಳಿ ಕೇಳಿ ಕಲ್ತಿದ್ದು!"

"ಹೌದಪ್ಪಾ," ಎಂದಳು ಹೆಂಗಸು. "ಅವತ್ತು ಸಿಕ್ಕಿದ್ರೂ ಹಾಗೇ ಅಂತಿದ್ದೆ."

ಚೀಲದಿಂದ ಹೊರಬಂದ, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಅವನ ಪಕ್ಕೆಲುಬಿನ ಕೆಳಗೆ ಹಿಡಿಯವರೆಗೆ ಇಳಿಯಿತು. ಅವಳು ಎಳೆದಳು, ಮತ್ತೆ ಇಳಿಸಿದಳು. ಮೂರನೆಯ ಸಲವೂ ಅದೇ ಜಾಗಕ್ಕೆ. ಕೈ ಪಳಗಿದವಳ ಒಂದೇ ಅಳತೆ. ರಕ್ತ ಮೆಟ್ಟಿಲಿಂದ ಮೆಟ್ಟಿಲಿಗೆ ಹರಿದು ಗಡ್ಡದವನ ಚಪ್ಪಲಿ ಮುಟ್ಟಿತು. ಅವನು ಕದಲಲಿಲ್ಲ.

ಆ ಹಾಡು ಧ್ವನಿಮುದ್ರಣವಾದ ದಿನ ಕೂಗಣ್ಣ ಮೈ ಸುಡುವ ಜ್ವರದಲ್ಲಿ ಮನೆಯಲ್ಲಿ ಮಲಗಿದ್ದ. ಹಗಲಿಡೀ ಪಕ್ಕದಲ್ಲಿ ಕೂತು ಅವನ ಹಣೆಗೆ ಒದ್ದೆ ಬಟ್ಟೆ ಹಾಕಿದ ಒಬ್ಬಳೇ ಸಾಕ್ಷಿ, ಅವನ ತಾಯಿ, ತೀರಿಕೊಂಡು ಮೂರು ವರ್ಷವಾಗಿತ್ತು.