ಪೊರೆಯ ಮೇಲಿನ ಉಸಿರು

ಅಕ್ಕನ ತುಟಿಯ ಮೇಲಿಟ್ಟ ಪಾಲಿಮರ್ ಪೊರೆ ಮೆಲ್ಲಗೆ ಸುರುಟಿಕೊಂಡಿತು, ಮತ್ತೆ ಬಿಚ್ಚಿಕೊಂಡಿತು. ಒಣಗಿದ್ದಾಗ ಚಪ್ಪಟೆಯಾಗಿ ಗಾಳಿಯನ್ನು ತಡೆದು, ತೇವ ಹೀರಿದರೆ ಉಬ್ಬಿ ಸುರುಟಿಕೊಂಡು ದಾರಿ ಬಿಡುವ ಆ ಪೊರೆಯನ್ನು ಅಕ್ಕತಂಗಿಯರೇ ಪ್ರಯೋಗಾಲಯದಲ್ಲಿ ಮಾಡಿದ್ದರು.

“ಜೀವ ಇದೆ ಡಾಕ್ಟ್ರೇ. ಅವಳ ಉಸಿರಿನ ತೇವ ಹೀರ್ತಿದೆ, ನೋಡಿ,” ಎಂದಳು ಅಕ್ಕನ ಮುಖದ ಮೇಲೆ ಬಗ್ಗಿದ್ದ ತಂಗಿ.

ಮುಖಕ್ಕೆ ಬಟ್ಟೆ ಎಳೆಯಲು ಬಂದಿದ್ದ ಡಾಕ್ಟರು ಬಗ್ಗಿ ನೋಡಿದರು. “ನೀವು ತುಂಬಾ ಹತ್ತಿರ ಇದೀರಮ್ಮ. ಒಂದ್ಸಲ ಉಸಿರು ಹಿಡ್ಕೊಳ್ಳಿ.”

ಪ್ರಯೋಗಾಲಯದಲ್ಲಿ ಅಕ್ಕನೂ ಹೀಗೇ ಗದರುತ್ತಿದ್ದಳು: “ಪೊರೆ ಮೇಲೆ ಉಸಿರು ಬಿಡಬೇಡ ಕಣೇ ಕತ್ತೆ. ನಿನ್ನನ್ನೇ ಅಳೆದ ಹಾಗಾಗುತ್ತೆ.”

ತಂಗಿ ಉಸಿರು ಬಿಗಿಹಿಡಿದಳು. ಪೊರೆ ಚಪ್ಪಟೆಯಾಗಿ ಬಿದ್ದುಕೊಂಡಿತು, ಅಲುಗಲಿಲ್ಲ. ಎದೆ ಉರಿಯತೊಡಗಿತು. ಅವಳು ಇನ್ನಷ್ಟು ಬಗ್ಗಿ ಮೆಲ್ಲಗೆ ಉಸಿರು ಬಿಟ್ಟಳು. ಪೊರೆ ಸುರುಟಿಕೊಂಡಿತು.

“ಈಗ ನೋಡಿ ಡಾಕ್ಟ್ರೇ,” ಎಂದು ನಕ್ಕಳು. “ಅಕ್ಕ ಉಸಿರಾಡ್ತಿದಾಳೆ.”