ಗವಿಸಿದ್ದಯ್ಯನ ಬೀಗರೂಟ

ತನ್ನ ಮನೆಯ ರಾಗಿ ಕಣಜದಲ್ಲಿ, ನಾಲ್ಕು ತಾಲ್ಲೂಕಿನ ಎಚ್‌ಐವಿಯವರು ಏಳು ತಲೆಮಾರು ಕೂತು ನುಂಗಿದರೂ ಕರಗದಷ್ಟು ಮಾತ್ರೆ ಬಿದ್ದಿದೆ ಎಂದು ಸಾತನೂರಿನ ಗವಿಸಿದ್ದಯ್ಯ ಹೇಳಿದಾಗ, ಆಸ್ಪತ್ರೆಯಂಗಳದ ಬೇವಿನ ಮರದ ಮೇಲಿದ್ದ ಕಾಗೆಯೂ ನಂಬಲಿಲ್ಲ.

ಆದರೆ ಅವತ್ತು ಮಾತ್ರೆ ಕೊಡುವ ಕಿಟಕಿ ಮುಚ್ಚಿತ್ತು. “ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ” ಅನ್ನುವ ದನಿಯೊಂದೇ ಒಳಗಿನಿಂದ ಬರುತ್ತಿತ್ತು. ದೊಡ್ಡಆಲಹಳ್ಳಿಯ ಮುನಿಯಮ್ಮ ಖಾಲಿ ಡಬ್ಬ ಹಿಡಿದು ಮೆಟ್ಟಿಲ ಮೇಲೆ ಕುಸಿದಿದ್ದಳು. ಹಿಂದೊಮ್ಮೆ ಮಾತ್ರೆ ತಪ್ಪಿ ಅವಳು ಚಾಪೆ ಹಿಡಿದದ್ದನ್ನು ಎಲ್ಲರೂ ಕಂಡಿದ್ದರು. ಗವಿಸಿದ್ದಯ್ಯ ಹೆಗಲ ಟವೆಲಿನ ಗಂಟು ಬಿಚ್ಚಿ ಅವಳ ಅಂಗೈಗೆ ಒಂದು ಹಿಡಿ ಸುರಿದ. ಚನ್ನಪಟ್ಟಣದ ನಜೀರನಿಗೂ ಸುರಿದ, ಮಾಗಡಿಯ ಲತಾಮಣಿಗೂ ಸುರಿದ. ಎಲ್ಲರದೂ ದಿನಕ್ಕೊಂದು ನುಂಗುವ ಒಂದೇ ಜಾತಿಯ ಮಾತ್ರೆ. ಬೇರೆ ಬೇರೆ ಜಾತಿ ಇದ್ದದ್ದು ನುಂಗುವವರಿಗೆ ಮಾತ್ರ. ಹಾಗಿದ್ದೂ ಅವರೆಲ್ಲ ಬೀಗರು.

ಬೀಗರು ಅನ್ನುವುದು ಗವಿಸಿದ್ದಯ್ಯ ಕಂಡುಹಿಡಿದ ಉಪಾಯ. ಬಸ್ಸಿನಲ್ಲಿ ಊರವರು ಸಿಕ್ಕಿ ಇವರು ಯಾರು ಎಂದರೆ “ನಮ್ಮ ಬೀಗರು” ಅಂದುಬಿಡುವುದು. ಮುಂದೆ ಯಾರೂ ಕೆದಕುವುದಿಲ್ಲ, ಮರ್ಯಾದೆಗೆ ಸೀಟು ಬೇರೆ ಬಿಟ್ಟುಕೊಡುತ್ತಾರೆ. ವಿಭೂತಿ ಬಳಿದ ಗವಿಸಿದ್ದಯ್ಯನೂ ಟೋಪಿ ಹಾಕಿದ ನಜೀರನೂ ಬೀಗರೆಂದು ಕೇಳಿದ ಕಂಡಕ್ಟರೊಬ್ಬ, ಟಿಕೆಟ್ ಹರಿಯುವುದನ್ನೇ ಮರೆತು ರಾಮನಗರ ದಾಟಿಬಿಟ್ಟನಂತೆ. ಇದು ಗವಿಸಿದ್ದಯ್ಯ ಹೇಳಿದ್ದು; ಅರ್ಧ ಬಿಟ್ಟು ಅರ್ಧ ನಂಬಬಹುದು.

ಮುಂದಿನ ವಾರ ಅನ್ನುವುದು ಮುಂದೆ ಮುಂದೆಯೇ ಹೋಯಿತು. ಬೀಗರು ಹೋದಾಗಲೆಲ್ಲ, ಮಾತ್ರೆ ತರಿಸಬೇಕಾದ ಜಿಲ್ಲಾ ಆಫೀಸಿನ ಸಾಹೇಬರು ಮೀಟಿಂಗಿನಲ್ಲಿದ್ದರು. ಏಡ್ಸ್ ಜಾಗೃತಿಯ ಮೀಟಿಂಗೇ ಅಂತೆ. ಹೊರಗೆ ಧಿಕ್ಕಾರ ಕೂಗಿದರೆ ಒಳಗೆ ಪರದೆ ಎಳೆದರು. ಗವಿಸಿದ್ದಯ್ಯನ ಕಣಜ ಮಾತ್ರ ಬತ್ತಲಿಲ್ಲ, ಯಾರು ಬಂದರೂ ಟವೆಲಿನ ಗಂಟು ಬಿಚ್ಚಿಕೊಳ್ಳುತ್ತಲೇ ಇತ್ತು. ಕೊನೆಗೊಂದು ದಿನ ಅವನು ಆಫೀಸಿಗೆ ಫೋನು ಹಚ್ಚಿ, “ಸ್ವಾಮಿ, ಬುಧವಾರ ಮಧ್ಯಾಹ್ನ ಆಸ್ಪತ್ರೆ ಬೇವಿನ ಮರದಡಿ ಬೀಗರೂಟ ಮಡಗಿದ್ದೀವಿ. ತಾವು ಬರಲೇಬೇಕು” ಅಂದ.

ಈ ಸೀಮೆಯಲ್ಲಿ ಬೀಗರೂಟ ಅಂದರೆ ಮರಿ ಕಡಿಯಲೇಬೇಕು. ಕರೆದವನು ಮೊಟ್ಟೆಯನ್ನೂ ಮುಟ್ಟದ ಮನೆಯವನು ಅನ್ನುವುದು ಸಾಹೇಬರಿಗೆ ಹೊಳೆಯಲೇ ಇಲ್ಲ. ಮೀಟಿಂಗು ನಿಂತಿತು. ಒಂದು ಜೀಪು ಬಂತು, ಅದರ ಹಿಂದೆ ಇನ್ನೊಂದು ಬಂತು. ಗವಿಸಿದ್ದಯ್ಯನ ಪ್ರಕಾರ ಬೆಂಗಳೂರಿನಿಂದ ಹೆಲಿಕಾಪ್ಟರೂ ಹೊರಟಿತ್ತು, ಇಳಿಯಲು ಜಾಗ ಸಿಗದೆ ವಾಪಸ್ಸಾಯಿತು. ಸಾಹೇಬರು ಬೆಲ್ಟು ಒಂದು ತೂತು ಸಡಿಲಿಸಿ, ನೀರು ಚಿಮುಕಿಸಿ ಎಲೆ ಒರೆಸಿಕೊಂಡು ಕೂತರು. ಬೀಗರೂ ಸಾಲಾಗಿ ಕೂತರು. ಗವಿಸಿದ್ದಯ್ಯ ಬಡಿಸುತ್ತಾ ಬಂದ. ಒಬ್ಬೊಬ್ಬರ ಎಲೆಗೂ ಒಂದೊಂದು ಮಾತ್ರೆ. ಸಾಹೇಬರ ಎಲೆಯ ಮೇಲೆ ಖಾಲಿ ಡಬ್ಬ ಬೋರಲು ಹಿಡಿದು, ತಳ ತಟ್ಟಿ, “ಇನ್ನೊಂಚೂರು ಬಡಿಸ್ಲಾ ಸ್ವಾಮಿ?” ಅಂದ.

ಸಾಹೇಬರಿಗೆ ಸಿಟ್ಟು ಬರಲಿಲ್ಲ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ನಿಮ್ಮ ಕಣಜದಲ್ಲೇ ಏಳು ತಲೆಮಾರಿಗಾಗೋವಷ್ಟು ಇದೆಯಂತಲ್ರೀ? ನಮ್ಮ ಸ್ಟಾಫೇ ಕಿಟಕಿ ಹಿಂದಿಂದ ಕೇಳಿಸ್ಕೊಂಡಿದ್ದಾರೆ. ಈ ಕಡೆಗೆ ಸದ್ಯಕ್ಕೆ ಮಾತ್ರೆ ಬೇಡ ಅಂತ ನಾನು ಮೇಲಕ್ಕೆ ಬರೆದೂ ಆಯ್ತು.”

ಕಾಗೆ ನಂಬದ್ದನ್ನು ಸರ್ಕಾರ ನಂಬಿಬಿಟ್ಟಿತ್ತು. ಬೀಗರೆಲ್ಲ ಗವಿಸಿದ್ದಯ್ಯನ ಮುಖ ನೋಡಿದರು. ಅವನು ಖಾಲಿ ಡಬ್ಬಕ್ಕೆ ಮುಚ್ಚಳ ಹಾಕಿ ಬಿಗಿಮಾಡಿದ.

“ಬೀಗ್ರೆ, ನಿಮ್ಮೆಲೆ ಎಲ್ಲಿ?” ಅಂದಳು ಮುನಿಯಮ್ಮ.

ನಂದು ಮನೆಯಲ್ಲೇ ಆಯಿತು ಅಂದ. ಅವಳು ಎದ್ದು ಬಂದು ಅವನ ಹೆಗಲ ಟವೆಲು ಎಳೆದು ಕೊಡವಿದಳು. ಒಂದು ಒಣ ಬೇವಿನೆಲೆ ಬಿತ್ತು.

“ಕಣಜದಾಗೆ ರಾಗಿನೂ ಇಲ್ಲ ಕಣವ್ವ,” ಅಂದ ಗವಿಸಿದ್ದಯ್ಯ. ಆಮೇಲೆ ಸಾಹೇಬರ ಕಡೆ ತಿರುಗಿದ. “ಕಿಟಕಿ ಮುಚ್ಚೋಕೆ ಮುಂಚೆ ನಂಗೆ ಮೂರು ತಿಂಗಳಿಂದು ಒಟ್ಟಿಗೇ ಕೊಟ್ಟಿದ್ರು ಸ್ವಾಮಿ. ಇದ್ದಿದ್ದು ಅಷ್ಟೇಯ. ಬೇಕಾದಷ್ಟು ಐತೆ ಅನ್ನದೆ ಹೋಗಿದ್ರೆ ಇವರ್ಯಾರೂ ನನ್ ಪಾಲಿಂದ ಈಸ್ಕೋತಿರ್ಲಿಲ್ಲ. ಈಗ ಎಲೆ ಮೇಲಿರೋವೇ ಕಡೇವು. ನಾನು ನುಂಗಿ ವಾರದ ಮೇಲಾಯ್ತು.”

ಈ ಸಲ ಕಾಗೆಯೂ ನಂಬಿತು. ಸಾಹೇಬರು ಮಾತ್ರ, ಕಣಜ ಖಾಲಿ ಇರುವುದನ್ನು ಬರವಣಿಗೆಯಲ್ಲಿ ಕೊಟ್ಟರೆ ಪರಿಶೀಲಿಸೋಣ ಎಂದು, ಏನೂ ಉಣ್ಣದ ಎಲೆಯನ್ನು ನೀಟಾಗಿ ಮಡಚಿ ಎದ್ದರು.

ಮುನಿಯಮ್ಮ ತನ್ನೆಲೆಯ ಮೇಲಿದ್ದ ಮಾತ್ರೆ ಎತ್ತಿ ಗವಿಸಿದ್ದಯ್ಯನ ಅಂಗೈಗೆ ಒತ್ತಿ, ನೀರಿನ ಲೋಟ ಮುಂದೆ ಹಿಡಿದಳು.

“ನುಂಗಿ ಬೀಗ್ರೆ. ಬರ್ಕೊಡಾಕಾದ್ರೂ ನೀವು ಇರ್ಬೇಕಲ್ಲ.”